ಬಿದ್ದಾಗ ನಿಜ ಹೇಳು: ಮಗಳಿಗೊಂದು ಪತ್ರ

ಬಳ್ಳಾರಿ

ಪ್ರೀತಿಯ ಪುಟ್ಟಿಗೆ,

ನೀನು ಕೇಳಿದ್ದಕ್ಕೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೂಂ, ನನ್ನ ಒಪ್ಪಿಗೆ ಇದೆ. ಅಪ್ಪನದೂ ಇದೆ. ಮೋಟೋಕ್ರಾಸನ್ನೇ, ಆ ಮಣ್ಣಿನ ಟ್ರ್ಯಾಕಿನ ಬೈಕ್ ರೇಸನ್ನೇ, ಕಸುಬು ಮಾಡಿಕೊಳ್ಳುತ್ತೇನೆ ಅಂದೆಯಲ್ಲ, ಮಾಡಿಕೊ. ಟೀಮಿನವರ ಕರಾರಿಗೆ ಸಹಿ ಹಾಕುವ ಮುಂಚೆ ಈ ಪತ್ರವನ್ನು ಪೂರ್ತಿ ಓದು. ಫೋನಿನಲ್ಲಿ ಹೇಳಲು ಹೋದರೆ ನೀನು ಮಧ್ಯದಲ್ಲೇ "ಗೊತ್ತವ್ವಾ, ಗೊತ್ತು" ಅಂತೀಯ, ನನಗೆ ಮಾತೇ ಮರೆತುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಅವ್ವ ಮೂಳೆ ವಾರ್ಡಿನ ನರ್ಸ್. ಬೈಕಿನಿಂದ ಬಿದ್ದವರು ನನಗೆ ಹೊಸಬರಲ್ಲ. ಸಂಡೂರು ರೋಡು, ಸಿರುಗುಪ್ಪ ರೋಡು, ಎಲ್ಲಾ ಕಡೆಯಿಂದ ಬರುತ್ತಾರೆ. ಎಷ್ಟೋ ಜನ ಹೆಲ್ಮೆಟ್ ಇಲ್ಲದೆ ಬಿದ್ದವರು. ಅಂಥಾ ವಾರ್ಡಿನಲ್ಲಿ ಕೆಲಸ ಮಾಡುವವಳು ಮಗಳನ್ನು ರೇಸಿಗೆ ಬಿಡುತ್ತಾಳೆ ಅಂದರೆ ಜನಕ್ಕೆ ಆಶ್ಚರ್ಯ. "ಸಿಸ್ಟರ್, ನೀವಾದರೂ ಬುದ್ಧಿ ಹೇಳಬಾರದಾ?" ಅಂತ ಕೇಳುತ್ತಾರೆ. ನಾನು ಅವರಿಗೆ ಹೇಳುವುದಿಷ್ಟೇ. ರೋಡಿನಲ್ಲಿ ಎದುರಿಗೆ ಲಾರಿ ಬರುತ್ತದೆ, ಟ್ರ್ಯಾಕಿನಲ್ಲಿ ಬರಲ್ಲ. ನನ್ನ ಮಗಳು ಮೈತುಂಬಾ ಗಾರ್ಡ್ ಹಾಕಿಕೊಂಡು, ಎಲ್ಲರೂ ಒಂದೇ ದಿಕ್ಕಿಗೆ ಹೋಗುವ ಮಣ್ಣಿನ ಟ್ರ್ಯಾಕಿನಲ್ಲಿ, ಆಂಬುಲೆನ್ಸ್ ನಿಂತಿರುವ ಕಡೆ ಬೈಕ್ ಓಡಿಸುತ್ತಾಳೆ. ಅವರಿಗೆ ಅಷ್ಟು ಉತ್ತರ ಸಾಕು. ನಿನಗೆ ಸಾಲದು.

ಈ ಆಟದಲ್ಲಿ ಬೀಳದವರು ಯಾರೂ ಇಲ್ಲ. ನಿನ್ನ ಕೋಣೆಯ ಗೋಡೆ ಮೇಲೆ ಐಶ್ವರ್ಯಾ ಪಿಸ್ಸೆ ಫೋಟೋ ಇದೆಯಲ್ಲ. ಬೆಂಗಳೂರಿನ ಆ ಹುಡುಗಿ 2019ರಲ್ಲಿ ಎಫ್‌ಐಎಂ, ಅಂದರೆ ಅಂತರರಾಷ್ಟ್ರೀಯ ಬೈಕ್ ರೇಸ್ ಸಂಸ್ಥೆ, ನಡೆಸುವ ಬಾಹಾಸ್ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದಳು. ಮೋಟಾರ್ ರೇಸಿಂಗಿನಲ್ಲಿ ವಿಶ್ವ ಪ್ರಶಸ್ತಿ ತಂದ ಮೊದಲ ಭಾರತೀಯಳು. ನಿನ್ನದು ಮೋಟೋಕ್ರಾಸ್, ಅವಳದು ಮರಳುಗಾಡಿನ ರ‍್ಯಾಲಿ, ಎರಡೂ ಬೇರೆ ಅಂತ ನೀನೇ ಹೇಳಿಕೊಟ್ಟಿದ್ದೀಯ. ಆದರೆ ಆ ಗೆಲುವಿನ ಹಿಂದಿನ ಎರಡು ವರ್ಷ ನೋಡು. 2017ರಲ್ಲಿ ರೇಡ್ ಡಿ ಹಿಮಾಲಯ ರ‍್ಯಾಲಿಯಲ್ಲಿ ಕಾಲರ್ ಬೋನ್ ಮುರಿಯಿತು. 2018ರಲ್ಲಿ ಸ್ಪೇನಿನಲ್ಲಿ ಬಿದ್ದು ಹೊಟ್ಟೆಯೊಳಗೆ ಪ್ಯಾಂಕ್ರಿಯಾಸ್‌ಗೇ ಪೆಟ್ಟಾಯಿತು. ಅದು ಎಂಥಾ ಗಾಯ ಅಂತ ನನಗೆ ಗೊತ್ತು. ಅಂಥದ್ದರಿಂದ ಎದ್ದು ಮರುವರ್ಷವೇ ಗೆದ್ದಳಲ್ಲ, ಆ ಫೋಟೋ ನೋಡಿದಾಗಲೆಲ್ಲ ನನಗೆ ನೆನಪಾಗುವುದು ಅದು.

ಮೂಳೆಗೆ ನಾನು ಅಷ್ಟು ಹೆದರಲ್ಲ. ಕಾಲರ್ ಬೋನ್ ಆರೆಂಟು ವಾರದಲ್ಲಿ ಕೂಡುತ್ತದೆ. ಮಂಡಿಯ ಲಿಗಮೆಂಟ್ ಹರಿದರೆ ಆಪರೇಷನ್ ಆದಮೇಲೆ ಮತ್ತೆ ಆಟಕ್ಕೆ ಇಳಿಯಲು ಒಂಬತ್ತು ತಿಂಗಳಾದರೂ ಬೇಕು. ಹುಡುಗಿಯರಿಗೆ ಅದು ಹುಡುಗರಿಗಿಂತ ಜಾಸ್ತಿ ಹರಿಯುತ್ತದೆ, ಹಾಗಾಗಿ ತೊಡೆಯ ವ್ಯಾಯಾಮ ಒಂದು ದಿನವೂ ತಪ್ಪಿಸಬೇಡ. ಜರ್ಮನಿಯ ರೇಸರ್ ಕೆನ್ ರೋಕ್ಸನ್ ಎಡಗೈ 2017ರಲ್ಲಿ ಅಮೆರಿಕದ ಅನಾಹೈಮ್‌ನಲ್ಲಿ ಪುಡಿಯಾಯಿತು. ಆಪರೇಷನ್ ಮೇಲೆ ಆಪರೇಷನ್ ಮಾಡಿದರು. 2020ರಲ್ಲಿ ಅವನು ಮತ್ತೆ ಸೂಪರ್‌ಕ್ರಾಸ್ ರೇಸು, ಅಂದರೆ ಸ್ಟೇಡಿಯಂ ಒಳಗಿನ ಮೋಟೋಕ್ರಾಸ್, ಗೆದ್ದ. ಮೂಳೆಗೆ ಟೈಮ್ ಕೊಟ್ಟರೆ ಅದು ಮಾತು ಕೇಳುತ್ತದೆ.

ಒಂದು ಮೂಳೆ ಮಾತ್ರ ಮೋಸ ಮಾಡುತ್ತದೆ. ಹೆಬ್ಬೆರಳನ್ನು ಮೇಲಕ್ಕೆ ಎತ್ತಿ ಹಿಡಿ. ಅದರ ಬುಡದಲ್ಲಿ, ಮಣಿಕಟ್ಟಿನ ಹತ್ತಿರ, ಎರಡು ನರದಂಥ ಗೆರೆಗಳ ನಡುವೆ ಸಣ್ಣ ಗುಳಿ ಕಾಣುತ್ತದೆ. ಕೈ ಊರಿ ಬಿದ್ದ ದಿನ ಆ ಗುಳಿಯನ್ನು ಇನ್ನೊಂದು ಕೈಯ ಬೆರಳಿನಿಂದ ಒತ್ತಿ ನೋಡು. ನೋವಾದರೆ "ಉಳುಕಿದೆ" ಅಂತ ಎಣ್ಣೆ ತಿಕ್ಕಿ ಬಿಡಬೇಡ. ಅಲ್ಲಿರುವುದು ಸ್ಕೇಫಾಯ್ಡ್. ಗೋಡಂಬಿ ಬೀಜದಷ್ಟು ಮೂಳೆ. ಅದಕ್ಕೆ ರಕ್ತ ಹರಿಯುವುದೇ ಕಡಿಮೆ, ಹಾಗಾಗಿ ಕೂಡುವುದೂ ನಿಧಾನ. ಮೊದಲ ದಿನದ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಬಿರುಕು ಕಾಣುವುದೇ ಇಲ್ಲ. ಎಕ್ಸ್‌ರೇ ಸರಿ ಇದೆ ಅಂದರೂ ನೋವಿದ್ದರೆ ಪಟ್ಟಿ ಹಾಕಿಸಿಕೊಂಡು, ಹತ್ತು ಹನ್ನೆರಡು ದಿನ ಬಿಟ್ಟು ಮತ್ತೊಂದು ತೆಗೆಸಬೇಕು. ಬಲಗೈಯಲ್ಲೇ ಆಕ್ಸಿಲರೇಟರ್ರು, ಬಲಗೈಯಲ್ಲೇ ಮುಂದಿನ ಬ್ರೇಕು. ಆ ಮಣಿಕಟ್ಟು ಕೈಕೊಟ್ಟರೆ ನಿನ್ನ ಕಸುಬೇ ನಿಂತುಹೋಗುತ್ತದೆ.

ಈಗ ತಲೆಯ ವಿಷಯ. ಈ ಪತ್ರ ಬರೆಯಲು ಕೂತದ್ದೇ ಇದಕ್ಕೆ.

ಸಿ.ಎಸ್. ಸಂತೋಷ್ 2015ರಲ್ಲಿ ಡಾಕರ್ ರ‍್ಯಾಲಿ, ಆ ದಿನಗಟ್ಟಲೆಯ ಮರಳುಗಾಡಿನ ರೇಸು, ಮುಗಿಸಿದ ಮೊದಲ ಭಾರತೀಯ. 36ನೇ ಸ್ಥಾನ. ಅವರೂ ಶುರು ಮಾಡಿದ್ದು ನಿನ್ನ ಹಾಗೆ ಮಣ್ಣಿನ ಟ್ರ್ಯಾಕಿನಿಂದಲೇ. 2021ರ ಡಾಕರ್‌ನಲ್ಲಿ, ಸೌದಿಯಲ್ಲಿ, ಬಿದ್ದರು. ತಲೆಗೆ ಪೆಟ್ಟು. ರಿಯಾದ್‌ಗೆ ಸಾಗಿಸಿ ಔಷಧಿ ಕೊಟ್ಟು ಕೋಮಾದಲ್ಲಿಟ್ಟರು. ಆ ಸುದ್ದಿ ಬಂದ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ, ನೆನಪಿದೆಯಾ? ಅವರು ಚೇತರಿಸಿಕೊಂಡರು. ಅಂಥಾ ದೊಡ್ಡ ಪೆಟ್ಟಾದರೆ ಡಾಕ್ಟರು ನೋಡುತ್ತಾರೆ, ಟೀಮು ನೋಡುತ್ತದೆ, ಊರೇ ನೋಡುತ್ತದೆ. ನನಗೆ ಭಯ ಇರುವುದು ಸಣ್ಣ ಪೆಟ್ಟಿನ ಬಗ್ಗೆ. ಬಿದ್ದು, ಎದ್ದು, ಮೈ ಕೊಡವಿಕೊಂಡು, "ಏನೂ ಆಗಿಲ್ಲ" ಅಂತ ಹೆಬ್ಬೆರಳು ಎತ್ತಿ ತೋರಿಸಿ ಮತ್ತೆ ಬೈಕ್ ಹತ್ತುತ್ತೀರಲ್ಲ, ಅದು.

ತಲೆಗೆ ಪೆಟ್ಟು ಬಿದ್ದು ಮಿದುಳು ಅಲುಗುವುದಕ್ಕೆ ಕನ್‌ಕಷನ್ ಅನ್ನುತ್ತಾರೆ. ಅದಕ್ಕೆ ಪ್ರಜ್ಞೆ ತಪ್ಪಲೇಬೇಕು ಅಂತಿಲ್ಲ. ಬಹಳ ಜನಕ್ಕೆ ತಪ್ಪುವುದೇ ಇಲ್ಲ. ತಲೆನೋವು, ವಾಕರಿಕೆ, ಬೆಳಕು ನೋಡಲಾಗದ ಹಾಗೆ ಆಗುವುದು, ಮಂಕು ಕವಿದಂತೆ ಇರುವುದು, ಹಿಂದಿನ ಲ್ಯಾಪ್ ನೆನಪೇ ಇಲ್ಲದಿರುವುದು, ಕಾರಣವಿಲ್ಲದೆ ಸಿಟ್ಟು ಅಳು ಬರುವುದು. ಇದರಲ್ಲಿ ಯಾವುದೊಂದು ಇದ್ದರೂ ಆ ದಿನದ ರೇಸು ಮುಗಿಯಿತು. ಸಿಟಿ ಸ್ಕ್ಯಾನ್ ನಾರ್ಮಲ್ ಬಂದಿದೆ ಅನ್ನುವುದನ್ನು ಸರ್ಟಿಫಿಕೇಟ್ ಮಾಡಿಕೊಳ್ಳಬೇಡ. ಸ್ಕ್ಯಾನಿನಲ್ಲಿ ಕಾಣುವುದು ರಕ್ತಸ್ರಾವ, ಬುರುಡೆಯ ಬಿರುಕು. ಮಿದುಳಿನ ಈ ಏಟು ಅದರಲ್ಲಿ ಕಾಣಲ್ಲ. ಅದು ಮಾಯುವ ಮುಂಚೆ ಎರಡನೇ ಪೆಟ್ಟು ಬಿದ್ದರೆ, ಆ ಪೆಟ್ಟು ಸಣ್ಣದಾದರೂ, ಮಿದುಳು ಊದಿಕೊಂಡು ಜೀವಕ್ಕೇ ಕುತ್ತು ಬರಬಹುದು. ನಿನ್ನ ವಯಸ್ಸಿನವರಿಗೇ ಇದರ ಅಪಾಯ ಜಾಸ್ತಿ.

ಹಾಗೇನಾದರೂ ಆದರೆ ಮೊದಲ ಒಂದೆರಡು ದಿನ ವಿಶ್ರಾಂತಿ. ಮೊಬೈಲೂ ಕಡಿಮೆ. ಆಮೇಲೆ ನಡಿಗೆ, ಆಮೇಲೆ ಸೈಕಲ್, ಆಮೇಲೆ ಜಿಮ್ಮು, ಕೊನೆಗೆ ಬೈಕು. ಒಂದೊಂದು ಹಂತಕ್ಕೆ ಒಂದು ದಿನವಾದರೂ ಬೇಕು. ತಲೆನೋವು ಮತ್ತೆ ಬಂದರೆ ಒಂದು ಹಂತ ಹಿಂದಕ್ಕೆ. ಬೈಕು ಹತ್ತುವುದು ಡಾಕ್ಟರು ಸರಿ ಅಂದಮೇಲೆ. ಮ್ಯಾನೇಜರು ಅಂದಮೇಲೆ ಅಲ್ಲ, ಸ್ಪಾನ್ಸರು ಅಂದಮೇಲೆ ಅಲ್ಲ, ನಿನಗೆ ಅನಿಸಿದಮೇಲೂ ಅಲ್ಲ. ಪೆಟ್ಟು ಬಿದ್ದ ತಲೆಯೇ "ನಾನು ಚೆನ್ನಾಗಿದ್ದೀನಿ" ಅಂತ ಹೇಳಿದರೆ ಅದನ್ನು ಹೇಗೆ ನಂಬುವುದು?

ಹೆಲ್ಮೆಟ್ಟೂ ಅಷ್ಟೆ. ಒಳಗಿರುವ ಥರ್ಮಾಕೋಲ್ ತಾನು ಕುಗ್ಗಿ ನಿನ್ನ ತಲೆ ಉಳಿಸುತ್ತದೆ. ಒಮ್ಮೆ ಕುಗ್ಗಿದ್ದು ಮತ್ತೆ ಉಬ್ಬಲ್ಲ. ಹೊರಗೆ ಗೀರು ಇಲ್ಲ ಅಂತ ಅದನ್ನೇ ಹಾಕಿಕೊಂಡು ಹೋಗಬೇಡ. ತಲೆ ನೆಲಕ್ಕೆ ಬಡಿಯಿತು ಅಂದರೆ ಹೊಸದು ತಗೋ. ದುಡ್ಡು ಇಲ್ಲ ಅಂದರೆ ನನಗೆ ಫೋನ್ ಮಾಡು. ಚೀಟಿ ಎತ್ತಿಯಾದರೂ ಕಳಿಸುತ್ತೇನೆ.

ದುಡ್ಡಿನ ಮಾತು ಬಂತಲ್ಲ. ನಮ್ಮ ದೇಶದಲ್ಲಿ ಕಂಪನಿ ಟೀಮುಗಳಲ್ಲಿ ಜಾಗ ಬೆರಳೆಣಿಕೆಯಷ್ಟು. ಟಿವಿಎಸ್, ಹೀರೋ ಥರದವರು ಕೆಲವರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳುತ್ತಾರೆ. 2024ರಲ್ಲಿ ಇಂಡಿಯನ್ ಸೂಪರ್‌ಕ್ರಾಸ್ ರೇಸಿಂಗ್ ಲೀಗ್ ಶುರುವಾಯಿತು. ಪುಣೆಯಲ್ಲಿ ಮೊದಲ ರೇಸು, ಹೊರದೇಶದ ರೇಸರ್‌ಗಳೂ ಬಂದರು. ದಾರಿ ಅಗಲ ಆಗುತ್ತಿದೆ, ನನಗೂ ಖುಷಿ. ಆದರೂ ಬಹಳ ಹುಡುಗರು ಇವತ್ತಿಗೂ ಮನೆ ದುಡ್ಡು ಹಾಕಿಯೇ ಓಡಿಸುತ್ತಿದ್ದಾರೆ. ಕವಾಸಕಿ ಕೆಎಕ್ಸ್ 450 ಅಂದರೆ ಎಂಟು ಲಕ್ಷದ ಮೇಲಿನ ಗಾಡಿ. ನಂಬರ್ ಪ್ಲೇಟ್ ಇಲ್ಲ, ರೋಡಿಗೆ ಇಳಿಸುವಂತಿಲ್ಲ.

ಹಾಗಾಗಿ ಕರಾರಿನಲ್ಲಿ ಇದನ್ನೆಲ್ಲ ಹುಡುಕು. ಗಾಯವಾಗಿ ಕೂತ ತಿಂಗಳಿಗೆ ಸಂಬಳ ಇದೆಯಾ? ಆಪರೇಷನ್ ಖರ್ಚು ಯಾರದು? ಫಿಸಿಯೋಥೆರಪಿಯದ್ದು? ಡಾಕ್ಟರು ಬೇಡ ಅಂದಾಗ ನೀನು ರೇಸಿನಿಂದ ಹಿಂದೆ ಸರಿದರೆ ದಂಡ ಹಾಕುತ್ತಾರಾ? ಈ ಕೊನೆಯದಕ್ಕೆ ಹೌದು ಅಂತ ಇದ್ದರೆ ಸಹಿ ಹಾಕಬೇಡ. ಟೀಮು ಎಷ್ಟೇ ದೊಡ್ಡದಿರಲಿ, ಬೇಡ. ಇನ್ಶೂರೆನ್ಸ್ ಪಾಲಿಸಿಯನ್ನೂ ಕೂತು ಓದು. ಮಾಮೂಲಿ ಆಕ್ಸಿಡೆಂಟ್ ಪಾಲಿಸಿಗಳಲ್ಲಿ ರೇಸಿಂಗ್ ಗಾಯಕ್ಕೆ ಸಾಮಾನ್ಯವಾಗಿ ದುಡ್ಡು ಬರಲ್ಲ. ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ರೇಸಿಂಗ್ ಕೂಡ ಸೇರಿದೆ ಅಂತ ಬರೆದಿದ್ದರೆ ಮಾತ್ರ ಅದು ನಿನ್ನ ಪಾಲಿಸಿ.

ಕಾಲೇಜು ಬಿಡಬೇಡ. ರೆಗ್ಯುಲರ್ ಆಗದಿದ್ದರೆ ದೂರಶಿಕ್ಷಣದಲ್ಲಿ ಮುಗಿಸು. ಮೋಟೋಕ್ರಾಸಿನಲ್ಲಿ ಅಮೆರಿಕದ ರಿಕಿ ಕಾರ್‌ಮೈಕಲ್ ಥರ ಗೆದ್ದವರಿಲ್ಲ. 2002ರಲ್ಲಿ ಒಮ್ಮೆ, 2004ರಲ್ಲಿ ಒಮ್ಮೆ, ಇಡೀ ಸೀಸನ್ನಿನ 24ಕ್ಕೆ 24 ಮೋಟೋ, ಅಂದರೆ ಒಂದೊಂದು ಓಟವನ್ನೂ, ಗೆದ್ದವನು. ಅವನು 27ಕ್ಕೇ ನಿಲ್ಲಿಸಿದ. ರಯಾನ್ ವಿಲ್ಲೋಪೋಟೋ ಸತತ ನಾಲ್ಕು ಸೂಪರ್‌ಕ್ರಾಸ್ ಪಟ್ಟ ಗೆದ್ದು, 2015ರಲ್ಲಿ ನಿವೃತ್ತಿ ಅಂದಾಗ ಅವನಿಗೆ 26. ನನ್ನ ಕೆಲಸದಲ್ಲಿ ಅದು ಪರ್ಮನೆಂಟ್ ಆಗುವ ವಯಸ್ಸು. ನಿನ್ನ ಕೆಲಸದಲ್ಲಿ ಮುಗಿಸುವ ವಯಸ್ಸು. ಅದಾದಮೇಲೆ ಇನ್ನೂ ಬೇಕಾದಷ್ಟು ಬದುಕು ಉಳಿದಿರುತ್ತದೆ. ಸಂತೋಷ್ ಕೋಲಾರದ ಕಡೆ ಬಿಗ್ ರಾಕ್ ಡರ್ಟ್‌ಪಾರ್ಕ್ ಕಟ್ಟಿ ಬೇರೆಯವರಿಗೆ ಕಲಿಸಲು ಜಾಗ ಮಾಡಿದರಲ್ಲ, ಅಂಥದ್ದನ್ನು ನೀನೂ ಒಂದು ದಿನ ನಮ್ಮ ಕಡೆ ಮಾಡಬಹುದು. ಬಳ್ಳಾರಿ, ಕೊಪ್ಪಳ, ರಾಯಚೂರಿನ ಹುಡುಗಿಯರು ಬೈಕ್ ಕಲಿಯಲು ಅಷ್ಟು ದೂರ ಯಾಕೆ ಹೋಗಬೇಕು?

ಇಲ್ಲಿ ನೀನು ಕಲಿತದ್ದು ಕಡಿಮೆಯಲ್ಲ. ಎರೆ ಮಣ್ಣಿನಲ್ಲಿ ಮಳೆ ಬಿದ್ದ ಮರುದಿನ ಚಕ್ರ ಸುತ್ತದ ಹಾಗೆ ಕೆಸರು ಕಟ್ಟಿಕೊಂಡಾಗಲೂ ಓಡಿಸಿದವಳು ನೀನು. ಏಪ್ರಿಲ್ ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಬಿಸಿಲು ನಿನಗೆ ಅಭ್ಯಾಸ. ಆದರೂ ಮೋಟೋ ಓಡಿಸುವಾಗ ಎದೆಬಡಿತ ನಿಮಿಷಕ್ಕೆ 180ರ ಆಸುಪಾಸಿಗೆ ಹೋಗುತ್ತದೆ, ಜರ್ಸಿ ಗಾರ್ಡುಗಳ ಒಳಗೆ ಮೈ ಬೇಯುತ್ತದೆ. ಬರೀ ನೀರು ಕುಡಿದರೆ ಸಾಲದು, ಓಆರ್‌ಎಸ್ ಕುಡಿ. ವರ್ಷಕ್ಕೆರಡು ಸಲ ಹಿಮೋಗ್ಲೋಬಿನ್ ನೋಡಿಸು. ಮುಟ್ಟಿನ ದಿನ ಸುಸ್ತಾದರೆ ಕೋಚ್‌ಗೆ ನೇರವಾಗಿ ಹೇಳು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ, ಮೈಯ ಲೆಕ್ಕ ಅದು.

ಅಪ್ಪನ ಹತ್ತಿರ ಕಲಿತದ್ದನ್ನೂ ಬಿಡಬೇಡ. ಅದಿರು ಟಿಪ್ಪರ್ ಓಡಿಸುವವರಿಗೆ ದೂಳಿನ ಬೆಲೆ ಗೊತ್ತು. ಭಾನುವಾರ ಪ್ರಾಕ್ಟೀಸ್ ಮುಗಿದ ಕೂಡಲೇ ನಿನ್ನ ಬೈಕಿನ ಫೋಮ್ ಫಿಲ್ಟರ್ ಬಿಚ್ಚಿ ಹಿತ್ತಲಲ್ಲಿ ತೊಳೆಯುತ್ತಿದ್ದರಲ್ಲ. ಬಕೆಟ್ಟಿನ ನೀರು ಕೆಂಪು, ಬದಲಾಯಿಸಿದರೆ ಮತ್ತೆ ಕೆಂಪು. ಹಿಂಡಬಾರದು, ಹರಿಯುತ್ತದೆ, ಅಂಗೈಯಲ್ಲಿ ಒತ್ತಬೇಕು ಅನ್ನುತ್ತಿದ್ದರು. ನೆರಳಲ್ಲಿ ಒಣಗಿಸಿ, ಫಿಲ್ಟರ್ ಆಯಿಲ್ ಸವರಿ, ಅಂಚಿಗೆ ಗ್ರೀಸ್ ಹಚ್ಚಿ, ಆಮೇಲೆ ಬಿಳಿ ಬಟ್ಟೆಯಿಂದ ಎಂಜಿನ್ ಗಾಳಿ ಎಳೆಯುವ ಇನ್‌ಟೇಕ್ ಬಾಯಿ ಒರೆಸಿ ನೋಡುತ್ತಿದ್ದರು. ಬಟ್ಟೆಗೆ ಚೂರು ಕೆಂಪು ಹತ್ತಿದರೂ ದೂಳು ಒಳಗೆ ಹೋಗಿದೆ ಅಂತ ಅರ್ಥ. "ಸೌಂಡ್ ಚೆನ್ನಾಗೇ ಇದೆಯಲ್ಲಪ್ಪಾ" ಅಂತ ನೀನು ಅಂದರೆ, "ಸೌಂಡ್ ಕೆಡೋ ಹೊತ್ತಿಗೆ ಪಿಸ್ಟನ್ ರಿಂಗ್ ಹೋಗಿರುತ್ತೆ" ಅನ್ನುತ್ತಿದ್ದರು. ಟೀಮಿನಲ್ಲಿ ಮೆಕ್ಯಾನಿಕ್ ಇದ್ದರೂ ನಿನ್ನ ಬೈಕನ್ನು ನೀನೇ ಒಮ್ಮೆ ನೋಡು. ಅಷ್ಟೇ ನಿಗಾ ನಿನ್ನ ಮೈ ಮೇಲೂ ಇರಲಿ.

ಹುಡುಗಿ ಅಂತ ಯಾರಾದರೂ ಕಡಿಮೆ ಮಾಡಿ ಮಾತಾಡಿದರೆ ಆಶ್ಲಿ ಫಿಯೋಲೆಕ್ ಹೆಸರು ಹೇಳು. ಹುಟ್ಟಿದಾಗಿನಿಂದ ಕಿವಿ ಕೇಳದ ಹುಡುಗಿ. ಎಂಜಿನ್ ಶಬ್ದ ಕೇಳಿ ಗೇರ್ ಹಾಕುವ ಹಾಗೇ ಇಲ್ಲ. ಕೈಗೆ, ಕಾಲಿಗೆ ತಟ್ಟುವ ನಡುಕದಿಂದಲೇ ತಿಳಿದುಕೊಂಡು ಗೇರ್ ಬದಲಿಸುತ್ತಿದ್ದಳು. ಅಮೆರಿಕದ ಮಹಿಳಾ ಮೋಟೋಕ್ರಾಸ್ ಪಟ್ಟ ನಾಲ್ಕು ಸಲ ಅವಳದಾಯಿತು. ಇಟಲಿಯ ಕಿಯಾರಾ ಫಾಂಟನೇಸಿ ವಿಶ್ವ ಪಟ್ಟವನ್ನೇ ಆರು ಸಲ ಗೆದ್ದಳು. ನೀನೂ ಗೆಲ್ಲಬೇಕು ಅಂತ ನನಗೆ ಆಸೆ ಇದೆ, ಪುಟ್ಟಿ. ಬಹಳ ಇದೆ. ಗೇಟ್ ಬಿದ್ದಾಗ ಮೊದಲ ತಿರುವಿಗೆ ನೀನೇ ಮುಂದೆ ಇರಬೇಕು ಅಂತ ನಾನು ಇಲ್ಲಿ ಕೂತು ದುರ್ಗಮ್ಮನಿಗೆ ಹರಕೆ ಹೊರುತ್ತೇನೆ.

ನನಗೆ ನೀನು ಕೊಡಬೇಕಾದದ್ದು ಒಂದೇ ಮಾತು. ಬಿದ್ದಾಗ ನಿಜ ಹೇಳಬೇಕು. ಟ್ರ್ಯಾಕಿನ ಡಾಕ್ಟರಿಗೆ ಮೊದಲು, ಅದೇ ದಿನ ನನಗೆ. ನೈಟ್ ಡ್ಯೂಟಿಯಲ್ಲಿದ್ದರೂ ಫೋನ್ ಮಾಡು. ನಾನು ಅಳಲ್ಲ, ಬೈಯಲ್ಲ, ವಾಪಸ್ ಬಾ ಅನ್ನಲ್ಲ. ಏನಾಯಿತು, ಎಲ್ಲಿ ತಗುಲಿತು, ವಾಂತಿ ಆಯಿತಾ, ನೆನಪಿದೆಯಾ ಅಂತ ಕೇಳುತ್ತೇನೆ, ಅಷ್ಟೇ.

ಕರಾರಿನ ಕಾಗದದ ಫೋಟೋ ತೆಗೆದು ಅಪ್ಪನ ವಾಟ್ಸಾಪ್‌ಗೆ ಹಾಕು. ನಮ್ಮ ಬೀದಿಯ ವಕೀಲರು ಓದಿ ಹೇಳುತ್ತೇನೆ ಅಂದಿದ್ದಾರೆ. ಶೇಂಗಾ ಚಟ್ನಿ, ಕಡಕ್ ರೊಟ್ಟಿ ಕಟ್ಟಿಟ್ಟಿದ್ದೇನೆ. ಅಪ್ಪ ಶನಿವಾರ ರಾತ್ರಿ ಬಸ್ಸಿಗೆ ಹೊರಡುತ್ತಾರೆ, ಮಂಡಿಗೆ ಹಾಕುವ ಹೊಸ ಬ್ರೇಸಿನ ಅಳತೆಯನ್ನು ಅಷ್ಟರೊಳಗೆ ಹೇಳಿದರೆ ತಗೊಂಡೇ ಬರುತ್ತಾರೆ.

ನಿನ್ನ
ಅವ್ವ