ಒಂದು ವರ್ಷ ಆಯ್ತು, ಥ್ಯಾಂಕ್ಸ್ ಹೇಳಬೇಕಿದೆ

ನಾನು ಕುಡಿತ ಬಿಟ್ಟು ನಿನ್ನೆಗೆ ಸರಿಯಾಗಿ ಒಂದು ವರ್ಷ. ಎಲ್ಲರೂ ನನಗೆ ಶಾಭಾಷ್ ಹೇಳುತ್ತಿದ್ದೀರಿ, ತುಂಬಾ ಸಂತೋಷ. ಆದರೆ ಇದರಲ್ಲಿ ಜಾಸ್ತಿ ಪಾಲು ಬೇರೆಯವರದ್ದು. ಅದನ್ನು ಹೇಳದೆ ಸುಮ್ನಿರಲು ಮನಸ್ಸು ಒಪ್ಪುತ್ತಿಲ್ಲ. ಯಾರ ಹೆಸರನ್ನೂ ಬರೆಯುವುದಿಲ್ಲ. ನಾನು ಹೋಗುವುದು ಆಲ್ಕೊಹಾಲಿಕ್ಸ್ ಅನಾನಿಮಸ್ (ಎ.ಎ.) ಮೀಟಿಂಗಿಗೆ, ಅಂದರೆ ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟಕ್ಕೆ. ಅಲ್ಲಿ ಯಾರನ್ನು ನೋಡಿದೆವು, ಏನು ಕೇಳಿದೆವು ಅನ್ನುವುದನ್ನು ನಾವು ಹೊರಗೆ ಹೇಳುವುದಿಲ್ಲ. ಓದಿದರೆ ಅವರಿಗೇ ಗೊತ್ತಾಗುತ್ತದೆ.

ಮೊದಲು, ಅವತ್ತು ಫೋನ್ ಎತ್ತಿದವರಿಗೆ.

ಒಂದು ಮೀಟಿಂಗ್ ಹುಡುಕುವುದು ಇಷ್ಟು ಕಷ್ಟವಾಗಬಹುದು ಅಂತ ನಾನು ಅಂದುಕೊಂಡಿರಲಿಲ್ಲ. ಯಾವುದೋ ಹಳೆಯ ಪಟ್ಟಿಯಲ್ಲಿ ವಿಳಾಸ ನೋಡಿಕೊಂಡು ಹೋದೆ, ಬೀಗ ಹಾಕಿತ್ತು. ಮುಂದಿನ ವಾರ ಇನ್ನೊಂದು ಕಡೆ ಹೋದೆ, ಅಲ್ಲಿ ಮೀಟಿಂಗಿನ ದಿನವೇ ಬದಲಾಗಿತ್ತು. ಕುಡಿಯುವವನಿಗೆ ಅಷ್ಟು ಸಾಕು ಅಲ್ವಾ? ‘ನಾನಂತೂ ಹೋಗಿದ್ದೆ, ಅವರೇ ಇರಲಿಲ್ಲ’ ಅಂತ ಹೇಳಿಕೊಂಡು ಅಲ್ಲಿಂದ ನೇರವಾಗಿ ಕುಡಿಯಲು ಹೋದೆ. ಮೂರನೇ ಸಲವೂ ಬಾಗಿಲು ಮುಚ್ಚಿತ್ತು. ಅವತ್ತು ಯಾಕೋ ಮೆಟ್ಟಿಲ ಮೇಲೆ ಕೂತು ಆಲ್ಕೊಹಾಲಿಕ್ಸ್ ಅನಾನಿಮಸ್ ಸಹಾಯವಾಣಿಗೆ ಫೋನ್ ಮಾಡಿದೆ.

ಫೋನ್ ಎತ್ತಿದವರು ಹೆಸರು ಕೇಳಲಿಲ್ಲ. “ಇವತ್ತು ಕುಡಿದಿದ್ದೀರಾ?” ಅಂದರು. ಹೌದು ಅಂದೆ. “ಪರವಾಗಿಲ್ಲ. ಈಗ ಎಲ್ಲಿದ್ದೀರಿ? ಅಲ್ಲೇ ಇರಿ, ನಾನೇ ಬರ್ತೀನಿ.” ಬರುವ ತನಕ ಫೋನ್ ಇಡಲಿಲ್ಲ. ಉಪದೇಶ ಮಾಡಲಿಲ್ಲ, ತಮ್ಮ ಕಥೆ ಹೇಳುತ್ತಾ ಬಂದರು, ನಾನು ಬರೀ ಹ್ಞೂಂ ಅನ್ನುತ್ತಿದ್ದೆ.

ಈ ಕೂಟ ಹುಟ್ಟಿದ್ದೂ ಫೋನ್‌ ಕರೆಗಳಿಂದಲೇ ಅಂತ ಆಮೇಲೆ ತಿಳಿಯಿತು. 1935ರ ಮೇ ತಿಂಗಳು, ಅಮೆರಿಕದ ಆಕ್ರನ್ ಊರು. ಇದನ್ನು ಶುರು ಮಾಡಿದ ಇಬ್ಬರಲ್ಲಿ ಒಬ್ಬರಾದ ಬಿಲ್ ಕುಡಿತ ಬಿಟ್ಟು ಐದೇ ತಿಂಗಳಾಗಿತ್ತು, ಕೈಹಾಕಿದ ವ್ಯವಹಾರ ಮುರಿದುಬಿದ್ದಿತ್ತು, ಉಳಿದುಕೊಂಡ ಹೋಟೆಲಿನಲ್ಲೇ ಬಾರ್ ಇತ್ತು. ಅವರು ಬಾರಿಗೆ ಹೋಗಲಿಲ್ಲ, ಫೋನ್ ಹತ್ತಿರ ಹೋದರು. ತನ್ನ ಹಾಗೇ ಕುಡಿತದಿಂದ ನರಳುತ್ತಿರುವ ಇನ್ನೊಬ್ಬರ ಜೊತೆ ಮಾತಾಡಬೇಕು ಅಂತ ಕೇಳುತ್ತಾ ಹೋಗಿ, ಕೊನೆಗೆ ಸಿಕ್ಕಿದ್ದು ಇನ್ನೊಬ್ಬರು, ಡಾಕ್ಟರ್ ಬಾಬ್. ಬಾಬ್ ಕೊನೆಯ ಸಲ ಕುಡಿದ ದಿನ ಅಂತ ಹೇಳುವ ಜೂನ್ 10ನ್ನೇ ಎ.ಎ. ಹುಟ್ಟಿದ ದಿನ ಅಂತ ಲೆಕ್ಕ ಹಿಡಿಯುತ್ತಾರೆ. ಇದನ್ನು ಕೇಳಿದಾಗ ನನಗೆ ಆ ಮೆಟ್ಟಿಲೇ ನೆನಪಾಯಿತು.

ಅವತ್ತು ನನ್ನ ಫೋನ್ ಎತ್ತಿದವರು ಕರೆದುಕೊಂಡು ಹೋದ ಮೀಟಿಂಗ್ ಕೋಣೆಯಲ್ಲಿ ಒಬ್ಬರು ನನಗೆ ನೀರು ಕೊಟ್ಟರು. ಲೋಟದಲ್ಲಿ ಅರ್ಧ ಮಾತ್ರ. ಇಷ್ಟೇನಾ ಅನ್ನಿಸಿತು. ಲೋಟ ಎತ್ತಿದಾಗ ಕೈ ಹೇಗೆ ನಡುಗಿತು ಅಂದರೆ, ಪೂರ್ತಿ ತುಂಬಿಸಿದ್ದರೆ ಎಲ್ಲರ ಮುಂದೆ ಅಂಗಿ ಮೇಲೆಲ್ಲಾ ಚೆಲ್ಲಿಕೊಳ್ಳುತ್ತಿದ್ದೆ. ಅವರಿಗೆ ಅದು ಗೊತ್ತಿತ್ತು. ಒಂದು ಕಾಲದಲ್ಲಿ ಅವರ ಕೈಯೂ ಹಾಗೇ ನಡುಗುತ್ತಿತ್ತಂತೆ. ಆ ಅರ್ಧ ಲೋಟ ನೀರಿಗೆ ನಾನು ಹೇಗೆ ಥ್ಯಾಂಕ್ಸ್ ಹೇಳಲಿ?

ಅದೇ ನಡುಕ ನೋಡಿ “ನಾಳೆಯೇ ಡಾಕ್ಟರನ್ನು ನೋಡಿ, ಒಬ್ಬರೇ ಮನೆಯಲ್ಲಿ ಕೂತು ಏಕಾಏಕಿ ಬಿಡಬೇಡಿ” ಅಂದವರೂ ಅವರೇ. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಎರಡು ಮೂರು ದಿನದಲ್ಲಿ ಭ್ರಮೆ ಶುರುವಾಗಬಹುದು, ಜೀವಕ್ಕೇ ಅಪಾಯ. ನನಗೆ ಇದು ಗೊತ್ತಿರಲಿಲ್ಲ. ಮುಖ ಸಿಂಡರಿಸದೆ, ದಿನಕ್ಕೆ ಎಷ್ಟು ಕುಡಿಯುತ್ತಿದ್ದೆ ಅಂತ ನಿಜ ಹೇಳಿಸಿದ ಡಾಕ್ಟರಿಗೂ ನನ್ನ ನಮಸ್ಕಾರ.

ಮೊದಲ ಹದಿನೈದು ದಿನ ಮೀಟಿಂಗಿನಲ್ಲಿ ನಾನು ಬಾಯಿ ಬಿಡಲಿಲ್ಲ, ಯಾರೂ ಒತ್ತಾಯ ಮಾಡಲೂ ಇಲ್ಲ. ಫೀಸಿಲ್ಲ, ಅರ್ಜಿ ಇಲ್ಲ. ಕುಡಿತ ಬಿಡಬೇಕು ಅನ್ನುವ ಆಸೆ ಇದ್ದರೆ ಸಾಕು, ಒಳಗೆ ಬನ್ನಿ ಅನ್ನುತ್ತಾರೆ. ‘ಇನ್ನು ಜನ್ಮದಲ್ಲಿ ಮುಟ್ಟಲ್ಲ’ ಅಂತ ನಾನು ಎಷ್ಟು ಸಲ ಆಣೆ ಹಾಕಿ ಮುರಿದಿದ್ದೆನೋ ಲೆಕ್ಕವಿಲ್ಲ. ಇಲ್ಲಿ ಹೇಳಿದ್ದು ಇವತ್ತು ಒಂದು ದಿನ ಕುಡಿಯದಿದ್ದರೆ ಸಾಕು ಅನ್ನುವ ಮಾತು. ನನ್ನ ಸ್ಪಾನ್ಸರ್, ಅಂದರೆ ನನಗೆ ದಾರಿ ತೋರಿಸುವ ಹಳೆಯ ಸದಸ್ಯರು, ನಾನು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೂ ಎತ್ತುತ್ತಿದ್ದರು. ಆಸೆ ತಡೆಯೋಕೆ ಆಗ್ತಿಲ್ಲ ಅಂದರೆ, “ಊಟ ಆಯ್ತಾ? ಯಾರ ಮೇಲಾದರೂ ಸಿಟ್ಟು ಬಂದಿದೆಯಾ? ನಿದ್ದೆ ಮಾಡಿದ್ದೀರಾ?” ಅಂತ ಶುರು ಮಾಡುತ್ತಿದ್ದರು. ಎಷ್ಟೋ ಸಲ ಉತ್ತರ ಅದರಲ್ಲೇ ಇರುತ್ತಿತ್ತು.

ನನ್ನ ಹೆಂಡತಿಗೆ ಏನು ಹೇಳಲಿ? ಅವಳು ಕುಡುಕರ ಮನೆಯವರಿಗೆಂದೇ ಇರುವ ಅಲ್-ಅನಾನ್ ಮೀಟಿಂಗಿಗೆ ನನಗಿಂತ ಎರಡು ತಿಂಗಳು ಮೊದಲೇ ಹೋಗುತ್ತಿದ್ದಳು. ನನಗೆ ತಿಳಿಸಿರಲಿಲ್ಲ. ನಿನ್ನೆ ನಮ್ಮದು ಓಪನ್ ಮೀಟಿಂಗ್, ಯಾರು ಬೇಕಾದರೂ ಬರಬಹುದಿತ್ತು. ಅವಳು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು. ನಾನು ಮಾತಾಡುವಾಗ ತಲೆ ಎತ್ತಲಿಲ್ಲ. ಮನೆಗೆ ಬರುವ ದಾರಿಯಲ್ಲಿ, ಎಷ್ಟೋ ವರ್ಷದ ಮೇಲೆ, ಕೈ ಹಿಡಿದುಕೊಂಡಳು.

ಕೊನೆಗೆ, ಮೀಟಿಂಗಿನ ದಿನ, ಸಮಯ, ವಿಳಾಸ ಬದಲಾದ ಕೂಡಲೇ ಪಟ್ಟಿ ತಿದ್ದಿ ಇಡುವವರಿಗೆ. ಈ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಬೀಗ ಹಾಕಿದ ಬಾಗಿಲು ನೋಡಿ ವಾಪಸ್ ಹೋದವನಿಗೆ ಮಾತ್ರ ಅದರ ಬೆಲೆ ಗೊತ್ತು. ನಿನ್ನೆಯಿಂದ ನಮ್ಮ ಗುಂಪಿನ ಬೀಗದ ಕೈ ನನ್ನ ಹತ್ತಿರ ಇದೆ. ಮೀಟಿಂಗ್ ಶುರುವಾಗುವುದು ಏಳಕ್ಕೆ. ನಾನು ಆರೂವರೆಗೇ ಬಾಗಿಲು ತೆಗೆದು, ಮೆಟ್ಟಿಲ ಲೈಟ್ ಹಾಕಿರುತ್ತೇನೆ.