ನ್ಯೂಟ್ರಿನೊ ಮೇಲಿಂದ ಬೀಳಲಿಲ್ಲ, ಅಡ್ಡ ಬಂತು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ‘ನ್ಯೂಟ್ರಿನೊ ತವರು ಪತ್ತೆ: ರಹಸ್ಯ ಬಯಲು’ ಲೇಖನ ಓದಿ ಖುಷಿಯಾಯಿತು. ನ್ಯೂಟ್ರಿನೊ ಎಂದರೆ ವಿದ್ಯುದಂಶವಿಲ್ಲದ, ಯಾವುದಕ್ಕೂ ಸುಲಭವಾಗಿ ಡಿಕ್ಕಿ ಹೊಡೆಯದೆ ಹಾದುಹೋಗುವ ಅತಿ ಸಣ್ಣ ಕಣ. ಎನ್‌ಜಿಸಿ 1068 ಸೇರಿದಂತೆ ಎರಡು ದೂರದ ಗ್ಯಾಲಕ್ಸಿಗಳು ಅದರ ತವರು ಎಂದಿತ್ತು ಲೇಖನ. ದಕ್ಷಿಣ ಧ್ರುವದ ಐಸ್‌ಕ್ಯೂಬ್ ಪ್ರಯೋಗಕ್ಕೆ ಕನ್ನಡದ ದಿನಪತ್ರಿಕೆ ಅರ್ಧ ಪುಟ ಕೊಡುವುದು ದಿನಾ ನಡೆಯುವ ಮಾತಲ್ಲ. ಬರೆದವರಿಗೆ ನನ್ನ ಅಭಿನಂದನೆ ತಿಳಿಸಿ. ಆದರೆ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟೇ ನಿವೃತ್ತಳಾದವಳು ನಾನು. ಕೆಂಪು ಪೆನ್ನಿನ ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ.

ಮೊದಲು ಚಿತ್ರದ ವಿಷಯ. ಮಂಜುಗಡ್ಡೆಯ ದೊಡ್ಡ ಪೆಟ್ಟಿಗೆ, ಮೇಲೆ ಆಕಾಶ, ಆಕಾಶದಿಂದ ನೆಟ್ಟಗೆ ಕೆಳಗಿಳಿಯುವ ಕೆಂಪು ಬಾಣ. ಬಾಣದ ಬುಡದಲ್ಲಿ ‘ಎನ್‌ಜಿಸಿ 1068’ ಎಂದಿದೆ. ಈ ಗ್ಯಾಲಕ್ಸಿ ಇರುವುದು ಹೆಚ್ಚುಕಡಿಮೆ ಆಕಾಶದ ಸಮಭಾಜಕ ರೇಖೆಯ ಮೇಲೆಯೇ. ದಕ್ಷಿಣ ಧ್ರುವದಲ್ಲಿ ನಿಂತವರಿಗೆ ಅದು ವರ್ಷವಿಡೀ ದಿಗಂತಕ್ಕೆ ಅಂಟಿಕೊಂಡೇ ಸುತ್ತುತ್ತದೆ. ತಲೆಯ ಮೇಲೆ ಯಾವತ್ತೂ ಬರುವುದಿಲ್ಲ. ಅಲ್ಲಿಂದ ಹೊರಟ ನ್ಯೂಟ್ರಿನೊ ಐಸ್‌ಕ್ಯೂಬ್‌ಗೆ ಅಡ್ಡಡ್ಡವಾಗಿ ಬರಬೇಕು. ನಾನು ಸುಮ್ನೆ ಹುಳುಕು ಹುಡುಕುತ್ತಿಲ್ಲ. ಆ ಬಾಣ ಅಡ್ಡ ಇರುವುದರಿಂದಲೇ ಈ ಇಡೀ ಸಂಶೋಧನೆ ಸಾಧ್ಯವಾಗಿದೆ.

ಐಸ್‌ಕ್ಯೂಬ್ ಎಂದರೆ ಒಂದು ಘನ ಕಿಲೋಮೀಟರ್ ಮಂಜುಗಡ್ಡೆ. ಅದರೊಳಗೆ 86 ಕೇಬಲ್‌ಗಳನ್ನು ಇಳಿಬಿಟ್ಟು, 1,450 ಮೀಟರಿನಿಂದ 2,450 ಮೀಟರ್ ಆಳದವರೆಗೆ 5,160 ಬೆಳಕಿನ ಸಂವೇದಕಗಳನ್ನು ತೂಗುಹಾಕಿದ್ದಾರೆ. ಕೆಲಸ ಮುಗಿದದ್ದು 2010ರ ಡಿಸೆಂಬರ್‌ನಲ್ಲಿ. ನ್ಯೂಟ್ರಿನೊ ಕಣ್ಣಿಗೆ ಬೀಳುವುದಿಲ್ಲ. ಅಪರೂಪಕ್ಕೆ ಒಂದು ನ್ಯೂಟ್ರಿನೊ ಮಂಜಿನ ಅಥವಾ ಬಂಡೆಯ ಪರಮಾಣುವಿಗೆ ಡಿಕ್ಕಿ ಹೊಡೆದರೆ ಮ್ಯೂಯಾನ್ ಎಂಬ ಕಣ ಹುಟ್ಟಿ ಮುಂದೆ ಓಡುತ್ತದೆ. ಓಡುವಾಗ ನೀಲಿ ಬೆಳಕು ಚೆಲ್ಲುತ್ತದೆ. ಸಂವೇದಕಗಳು ಹಿಡಿಯುವುದು ಆ ಬೆಳಕನ್ನು. ನಿಮ್ಮ ಲೇಖನದಲ್ಲಿ ಇಷ್ಟು ಸರಿಯಾಗಿ ಬಂದಿದೆ.

ಬಾರದೇ ಇದ್ದದ್ದು ಗದ್ದಲದ ಕಥೆ. ಬಾಹ್ಯಾಕಾಶದಿಂದ ಬರುವ ವೇಗದ ಕಣಗಳಾದ ಕಾಸ್ಮಿಕ್ ಕಿರಣಗಳು ನಮ್ಮ ವಾತಾವರಣಕ್ಕೆ ಬಡಿದಾಗಲೂ ಮ್ಯೂಯಾನ್ ಹುಟ್ಟುತ್ತವೆ. ಇವು ಮೇಲಿಂದ ಸುರಿಯುತ್ತಲೇ ಇರುತ್ತವೆ. ಐಸ್‌ಕ್ಯೂಬ್ ಒಂದು ದಿನಕ್ಕೆ ಸುಮಾರು 27 ಕೋಟಿ ಇಂಥ ಮ್ಯೂಯಾನ್‌ಗಳನ್ನು ದಾಖಲಿಸುತ್ತದೆ. ಇದರ ನಡುವೆ ಮೇಲಿಂದ ಬಂದ ಒಂದು ನ್ಯೂಟ್ರಿನೊವನ್ನು ಗುರುತಿಸುವುದು ಬಹಳ ಕಷ್ಟ. ಹಾಗಾಗಿ ಭೂಮಿಯನ್ನೇ ಜರಡಿ ಮಾಡಿಕೊಂಡರು. ಎರಡು ಕಿ.ಮೀ. ಆಳದಲ್ಲಿ ಕೂತು ಅಡ್ಡಕ್ಕೆ ನೋಡಿದರೆ, ಭೂಮಿ ದುಂಡಗಿರುವುದರಿಂದ, ಕಣ ನೂರೈವತ್ತು ಕಿ.ಮೀ.ಗೂ ಜಾಸ್ತಿ ಮಂಜು, ಬಂಡೆ ದಾಟಿ ಬರಬೇಕು. ಇನ್ನೂ ಕೆಳಗಿನಿಂದಾದರೆ ಇಡೀ ಭೂಮಿಯನ್ನೇ ದಾಟಬೇಕು. ಮ್ಯೂಯಾನ್‌ಗೆ ಅದು ಆಗದು. ನ್ಯೂಟ್ರಿನೊಗೆ ಆಗುತ್ತದೆ. ಅಡ್ಡ ಬಂದದ್ದು, ಕೆಳಗಿನಿಂದ ಬಂದದ್ದು ನ್ಯೂಟ್ರಿನೊ ಕೊಟ್ಟ ಮ್ಯೂಯಾನ್ ಎಂದು ಧೈರ್ಯವಾಗಿ ಹೇಳಬಹುದು.

ಈ ಯುಕ್ತಿಯನ್ನು ಮೊದಲು ಬಳಸಿದ ಜಾಗಗಳಲ್ಲಿ ಒಂದು ನಮ್ಮ ಜಿಲ್ಲೆಯಲ್ಲೇ ಇದೆ. ಅದರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲದ್ದು ನನ್ನ ಎರಡನೇ ತಕರಾರು. 1965ರಲ್ಲಿ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ, ಹೀತ್‌ಕೋಟ್ ಶಾಫ್ಟ್‌ನ ಕಡೆ, ಸುಮಾರು 2.3 ಕಿ.ಮೀ. ಆಳದಲ್ಲಿ ಒಂದು ಪ್ರಯೋಗ ನಡೆಯಿತು. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯಗಳು ಸೇರಿ ಮಾಡಿದ ಕೆಲಸ. ಎಂ.ಜಿ.ಕೆ. ಮೆನನ್ ಇದ್ದರು. ನಂಜನಗೂಡಿನವರಾದ ಬಿ.ವಿ. ಶ್ರೀಕಂಠನ್ ಇದ್ದರು, ಅವರು 1950ರ ದಶಕದ ಆರಂಭದಿಂದಲೇ ಈ ಗಣಿಗಳ ಆಳದಲ್ಲಿ ಮ್ಯೂಯಾನ್ ಅಳೆದವರು. ಎರಡು ಕಡೆ, ಕಣ ಹಾದರೆ ಮಿನುಗುವ ಪ್ಲಾಸ್ಟಿಕ್ ಸಿಂಟಿಲೇಟರ್‌ಗಳ ಗೋಡೆ, ನಡುವೆ ನಿಯಾನ್ ಟ್ಯೂಬುಗಳ ಸಾಲು. ಗೋಡೆಗಳನ್ನು ನೆಟ್ಟಗೆ ನಿಲ್ಲಿಸಿದ್ದೇ ಅಡ್ಡ ಬರುವ ಕಣ ಹಿಡಿಯಲು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳನ್ನು ಅವರು ಹಿಡಿದರು. 1965ರ ಆಗಸ್ಟ್ ಮಧ್ಯದಲ್ಲಿ ಪ್ರಬಂಧ ಅಚ್ಚಾಯಿತು. ಅದೇ ಹೊತ್ತಿಗೆ ಅಮೆರಿಕದ ಭೌತವಿಜ್ಞಾನಿ ಫ್ರೆಡ್ರಿಕ್ ರೈನ್ಸ್ ತಂಡ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಇದನ್ನೇ ಮಾಡುತ್ತಿತ್ತು. ಅವರಿಗೆ ಮೊದಲ ಕಣ ಸಿಕ್ಕಿದ್ದು ನಮಗಿಂತ ಮುಂಚೆ. ಅಚ್ಚಿನಲ್ಲಿ ಮೊದಲು ಬಂದದ್ದು ನಮ್ಮದು, ಎರಡು ವಾರಗಳ ಅಂತರದಲ್ಲಿ. ಅಭಿಮಾನ ಇರಲಿ, ಆದರೆ ಎರಡನ್ನೂ ಹೇಳಬೇಕು ಅಲ್ವಾ?

ನಮ್ಮ ಅಪ್ಪ ಆ ಗಣಿಯಲ್ಲಿ ಎಲೆಕ್ಟ್ರಿಷಿಯನ್. ಬಂಗಾರಪೇಟೆಯಿಂದ ಮಾರಿಕುಪ್ಪಂ ಗಾಡಿ ಹಿಡಿದು ಶಿಫ್ಟಿಗೆ ಹೋಗುತ್ತಿದ್ದರು. ನಾನಾಗ ಇನ್ನೂ ಶಾಲೆಗೆ ಸೇರಿರದ ಮಗು. ಮುಂದೆ ದೊಡ್ಡವಳಾದ ಮೇಲೆ ಅಪ್ಪ ಹೇಳುತ್ತಿದ್ದ ಮಾತು ಚೆನ್ನಾಗಿ ನೆನಪಿದೆ: ‘ಬಾಂಬೆಯೋರು ಕೆಳಗಡೆ ಕ್ಯಾಮೆರಾ ಇಟ್ಟವ್ರೆ, ಆದ್ರೆ ಯಾರ ಫೋಟೋನೂ ತೆಗೆಯಲ್ಲ.’ ಗಣಿಯವರ ಪಾಲಿಗೆ ಅದೊಂದು ತಮಾಷೆ. ನಿಜಕ್ಕೂ ಅಲ್ಲಿ ಕ್ಯಾಮೆರಾ ಇತ್ತು. ಕಣ ಹಾದುಹೋದ ದಾರಿಯಲ್ಲಿ ನಿಯಾನ್ ಟ್ಯೂಬುಗಳು ಮಿನುಗುತ್ತಿದ್ದವು, ಅದನ್ನು ಫಿಲಂ ಮೇಲೆ ಹಿಡಿಯುತ್ತಿದ್ದರು. ತಿಂಗಳುಗಟ್ಟಲೆ ಕಾದರೆ ಬೆರಳೆಣಿಕೆಯಷ್ಟು ಘಟನೆ ಸಿಗುತ್ತಿತ್ತು. ಎಂಎಸ್ಸಿ ಓದುವಾಗ ಆ ಪ್ರಬಂಧ ನೋಡಿ, ಅಪ್ಪನಿಗೆ ವಿವರಿಸಲು ಕೂತೆ. ‘ಅಷ್ಟು ಆಳಕ್ಕೆ ಬಂದ್ರೂ ಏನೂ ಕೊಂಡೋಗ್ಲಿಲ್ಲ ಅನ್ನು’ ಎಂದರು. ಗಣಿಯವರ ಲೆಕ್ಕವೇ ಬೇರೆ.

ಹಳೆಯ ಕೀರ್ತಿಯನ್ನು ಎತ್ತಿ ಹಿಡಿಯಲಷ್ಟೇ ಇದನ್ನು ಬರೆಯುತ್ತಿಲ್ಲ. ಕೆಜಿಎಫ್‌ನಲ್ಲಿ ಅಂದು ಹಬ್ಬದಂತೆ ಎಣಿಸಿದ ಆ ನ್ಯೂಟ್ರಿನೊಗಳೇ ಇಂದು ಐಸ್‌ಕ್ಯೂಬ್‌ಗೆ ತಲೆನೋವು. ಭೂಮಿ ಮ್ಯೂಯಾನ್‌ಗಳನ್ನು ತಡೆಯುತ್ತದೆ, ವಾತಾವರಣದ ನ್ಯೂಟ್ರಿನೊಗಳನ್ನು ತಡೆಯುವುದಿಲ್ಲ. ಅವೂ ಅಡ್ಡ ಬರುತ್ತವೆ. ವರ್ಷಕ್ಕೆ ಒಂದು ಲಕ್ಷದ ಆಸುಪಾಸು. ದೂರದ ಬಾಹ್ಯಾಕಾಶದಿಂದ ಬಂದದ್ದನ್ನು ಇವುಗಳ ನಡುವಿನಿಂದ ಆರಿಸುವ ಮುಖ್ಯ ದಾರಿ ಎರಡು. ಒಂದು, ಶಕ್ತಿ ವಿಪರೀತ ಜಾಸ್ತಿ ಇದ್ದರೆ ಅದು ವಾತಾವರಣದ್ದಾಗಿರುವ ಸಂಭವ ಕಡಿಮೆ. 2013ರಲ್ಲಿ ಐಸ್‌ಕ್ಯೂಬ್ ಈ ದಾರಿಯಿಂದಲೇ ಮೊದಲ ಬಾರಿಗೆ ಆಚೆಯ ನ್ಯೂಟ್ರಿನೊಗಳನ್ನು ತೋರಿಸಿತು. ಇನ್ನೊಂದು, ಆಕಾಶದ ಒಂದೇ ಚುಕ್ಕೆಯಿಂದ ಲೆಕ್ಕಕ್ಕಿಂತ ಹೆಚ್ಚು ಬರುತ್ತಿವೆಯಾ ಎಂದು ವರ್ಷಗಟ್ಟಲೆ ಎಣಿಸುವುದು.

ಇಲ್ಲಿಂದ ನಿಮ್ಮ ‘ರಹಸ್ಯ ಬಯಲು’ ತಲೆಬರಹಕ್ಕೆ ಬರುತ್ತೇನೆ. ಎನ್‌ಜಿಸಿ 1068ರ ಫಲಿತಾಂಶ 2022ರ ನವೆಂಬರ್‌ನಲ್ಲಿ ಬಂತು. 2011ರಿಂದ 2020ರವರೆಗಿನ ಸುಮಾರು 6.7 ಲಕ್ಷ ಘಟನೆಗಳನ್ನು ಜಾಲಾಡಿದರು. ಅದರಲ್ಲಿ ಈ ಗ್ಯಾಲಕ್ಸಿಯ ದಿಕ್ಕಿನಿಂದ ಹೆಚ್ಚುವರಿಯಾಗಿ ಬಂದವು ಅಂದಾಜು 79. ಹೆಚ್ಚುಕಮ್ಮಿ ಇಪ್ಪತ್ತು ಆಚೀಚೆ. 6.7 ಲಕ್ಷದ ಮುಂದೆ 79! ಇದು ಬರೀ ಕಾಕತಾಳೀಯ ಆಗಿರುವ ಸಂಭವ ಲಕ್ಷದಲ್ಲಿ ಒಂದು. ಇದನ್ನು 4.2 ಸಿಗ್ಮಾ ಎನ್ನುತ್ತಾರೆ. ಕಣ ಭೌತಶಾಸ್ತ್ರದಲ್ಲಿ ‘ಕಂಡುಹಿಡಿದೆವು’ ಎನ್ನಲು 5 ಸಿಗ್ಮಾ ಬೇಕು, ಅಂದರೆ 35 ಲಕ್ಷದಲ್ಲಿ ಒಂದು. ಅದಕ್ಕೇ ವಿಜ್ಞಾನಿಗಳು ‘ಪುರಾವೆ’ ಎಂದಷ್ಟೇ ಬರೆದರು. ಅವರು ಬಿಟ್ಟ ಜಾಗವನ್ನು ನಿಮ್ಮ ತಲೆಬರಹ ತುಂಬಿಬಿಟ್ಟಿತು.

ಇದಕ್ಕೆ ಮುಂಚಿನ 2017ರ ಕಥೆಯೂ ಹಾಗೆಯೇ. ಆ ವರ್ಷ ಸೆಪ್ಟೆಂಬರ್ 22ರಂದು ಸುಮಾರು 290 ಟೆರಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಒಂದು ನ್ಯೂಟ್ರಿನೊ ಬಂತು. ದಿಗಂತಕ್ಕಿಂತ 5.7 ಡಿಗ್ರಿ ಕೆಳಗಿನಿಂದ ಬಂತು. ನೋಡಿ, ಅದೂ ಅಡ್ಡವೇ! 43 ಸೆಕೆಂಡಿನಲ್ಲಿ ಜಗತ್ತಿನ ದೂರದರ್ಶಕಗಳಿಗೆಲ್ಲ ಎಚ್ಚರಿಕೆ ಹೋಯಿತು. ಆ ದಿಕ್ಕಿನಲ್ಲಿ ಟಿಎಕ್ಸ್‌ಎಸ್ 0506+056 ಎಂಬ ಬ್ಲೇಜಾರ್ ಇತ್ತು, ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ಭುಜದ ಹತ್ತಿರ, ಸುಮಾರು 400 ಕೋಟಿ ಜ್ಯೋತಿರ್ವರ್ಷ ದೂರ. ಬ್ಲೇಜಾರ್ ಎಂದರೆ ನಡುವಿನ ದೈತ್ಯ ಕಪ್ಪುಕುಳಿಯಿಂದ ಚಿಮ್ಮುವ ಧಾರೆ ನೇರ ನಮ್ಮತ್ತಲೇ ತಿರುಗಿರುವ ಗ್ಯಾಲಕ್ಸಿ. ಫರ್ಮಿ ಉಪಗ್ರಹ, ಮ್ಯಾಜಿಕ್ ದೂರದರ್ಶಕಗಳು ನೋಡಿದಾಗ ಅದು ಗಾಮಾ ಕಿರಣಗಳಲ್ಲಿ ಉರಿಯುತ್ತಿತ್ತು. ಹಳೆಯ ದಾಖಲೆ ತೆಗೆದರೆ 2014–15ರಲ್ಲೂ ಅದೇ ದಿಕ್ಕಿನಿಂದ ಹತ್ತು–ಹದಿನೈದು ಹೆಚ್ಚುವರಿ ನ್ಯೂಟ್ರಿನೊ ಸಿಕ್ಕವು. ಚಂದದ ಕಥೆ. ಆದರೆ ವಿಚಿತ್ರ ಏನೆಂದರೆ, ಆ 2014–15ರಲ್ಲಿ ಗಾಮಾ ಕಿರಣ ಜೋರಾಗಿರಲಿಲ್ಲ.

ನನಗೆ ಬಹಳ ಕುತೂಹಲ ಹುಟ್ಟಿಸುವುದು ಇದೇ. ಪ್ರೋಟಾನ್ ಭಾರಿ ವೇಗದಲ್ಲಿ ಇನ್ನೊಂದು ಪ್ರೋಟಾನಿಗೋ ಬೆಳಕಿನ ಕಣಕ್ಕೋ ಬಡಿದರೆ ಬೇಗ ಒಡೆದುಹೋಗುವ ಸಣ್ಣ ಕಣಗಳಾದ ಪಯಾನ್‌ಗಳು ಹುಟ್ಟುತ್ತವೆ. ವಿದ್ಯುದಂಶ ಇರುವ ಪಯಾನ್ ಒಡೆದರೆ ನ್ಯೂಟ್ರಿನೊ, ಇಲ್ಲದ ಪಯಾನ್ ಒಡೆದರೆ ಗಾಮಾ. ಎರಡೂ ಜೋಡಿ ಸಿಗಬೇಕು. ಎನ್‌ಜಿಸಿ 1068ರಿಂದ ಆ ಮಟ್ಟದ ಶಕ್ತಿಯ ಗಾಮಾ ಬರುತ್ತಲೇ ಇಲ್ಲ. ಅದರ ಕಪ್ಪುಕುಳಿಯ ಸುತ್ತ ದಟ್ಟ ಅನಿಲ, ಧೂಳು, ಎಕ್ಸ್‌ರೇ ತುಂಬಿದ ಬಿಸಿ ಅನಿಲದ ಹೊದಿಕೆ (ಕೊರೋನಾ) ಇವೆ. ಗಾಮಾ ಅದರೊಳಗೇ ನುಂಗಿಹೋಗುತ್ತದೆ, ನ್ಯೂಟ್ರಿನೊ ಮಾತ್ರ ತಪ್ಪಿಸಿಕೊಂಡು ಬರುತ್ತದೆ ಎಂಬುದು ಈಗ ಹೆಚ್ಚು ಜನ ಒಪ್ಪುವ ವಿವರಣೆ. ಇದು ಸರಿಯಿದ್ದರೆ, ಯಾವ ಬೆಳಕೂ ತೋರಿಸದ ಜಾಗವನ್ನು ನಾವು ನ್ಯೂಟ್ರಿನೊಗಳಿಂದ ನೋಡುತ್ತಿದ್ದೇವೆ. ನಿಮ್ಮ ಲೇಖನ ಎರಡು ಗ್ಯಾಲಕ್ಸಿಗಳನ್ನೂ ಒಂದೇ ವಾಕ್ಯದಲ್ಲಿ ‘ಕಪ್ಪುಕುಳಿ ಇರುವ ಗ್ಯಾಲಕ್ಸಿಗಳು’ ಎಂದು ಸೇರಿಸಿ ಮುಗಿಸಿತು. ಒಂದು ಧಾರೆಯನ್ನು ನಮ್ಮತ್ತ ಚಿಮ್ಮಿಸುತ್ತದೆ, ಇನ್ನೊಂದು ಮುಸುಕು ಹೊದ್ದು ಕೂತಿದೆ. ಇವೆರಡೂ ಒಂದೇ ರೀತಿಯಲ್ಲಿ ನ್ಯೂಟ್ರಿನೊ ತಯಾರಿಸುತ್ತವೆ ಎಂದು ಯಾರೂ ಸಾಬೀತು ಮಾಡಿಲ್ಲ.

ಮಿಕ್ಕದ್ದು? ಬರುವ ನ್ಯೂಟ್ರಿನೊಗಳಲ್ಲಿ ಬಹುಪಾಲಿಗೆ ಇನ್ನೂ ವಿಳಾಸವಿಲ್ಲ. ಫರ್ಮಿ ಪಟ್ಟಿಯ ಬ್ಲೇಜಾರ್‌ಗಳು ದೊಡ್ಡ ಪಾಲು ಕೊಡಲಾರವು ಎಂದು ಐಸ್‌ಕ್ಯೂಬ್‌ನವರ ಲೆಕ್ಕವೇ ಹೇಳುತ್ತದೆ. 2023ರಲ್ಲಿ ನಮ್ಮ ಹಾಲುಹಾದಿಯಿಂದ ಬರುವ ಸ್ವಲ್ಪ ಪಾಲು 4.5 ಸಿಗ್ಮಾದಲ್ಲಿ ಕಂಡಿತು. ಅದೇ ವರ್ಷ ಫೆಬ್ರುವರಿ 13ರಂದು ಸಿಸಿಲಿಯ ಬಳಿ ಸಮುದ್ರದಲ್ಲಿ, 3,450 ಮೀಟರ್ ಆಳದ ಕೆಎಂ3ನೆಟ್ ಉಪಕರಣ ಸುಮಾರು 220 ಪೆಟಾ (ಒಂದು ಪೆಟಾ ಎಂದರೆ ಸಾವಿರ ಟೆರಾ) ಎಲೆಕ್ಟ್ರಾನ್‌ವೋಲ್ಟಿನ ನ್ಯೂಟ್ರಿನೊ ಹಿಡಿಯಿತು. ಅಲ್ಲಿಯವರೆಗಿನ ದಾಖಲೆ. ಉಪಕರಣ ಇನ್ನೂ ಅರೆಬರೆ ಕಟ್ಟಿತ್ತು. ಆ ಕಣವೂ ಅಡ್ಡವೇ ಬಂತು. ಇಷ್ಟು ಶಕ್ತಿ ಇದ್ದರೆ ನ್ಯೂಟ್ರಿನೊವನ್ನೂ ಭೂಮಿ ತಡೆದುಬಿಡುತ್ತದೆ, ಅಡ್ಡ ದಾರಿಯಷ್ಟೇ ತೆರೆದಿರುತ್ತದೆ. ಆ ದಿಕ್ಕಿನಲ್ಲಿ ಹಲವು ಬ್ಲೇಜಾರ್‌ಗಳಿವೆ. ಇದೇ ಎಂದು ಬೆರಳು ಮಾಡಿ ತೋರಿಸಲು ಆಗಿಲ್ಲ.

ಮುಂದಿನ ಲೇಖನಕ್ಕೆ ಒಂದು ಸಲಹೆ. ಬ್ಲೇಜಾರ್‌ಗಳ ಬೆಳಕಿನ ಏರಿಳಿತ ಗಮನಿಸುವ ದೂರದರ್ಶಕಗಳಲ್ಲಿ ಲಡಾಖಿನ ಹಾನ್ಲೆಯ ಎರಡು ಮೀಟರಿನದೂ ಒಂದು. ಅದನ್ನು ಭಾರತೀಯ ಖಭೌತ ಸಂಸ್ಥೆಯವರು ಉಪಗ್ರಹ ಸಂಪರ್ಕದ ಮೂಲಕ ಹೊಸಕೋಟೆಯಿಂದ ನಡೆಸುತ್ತಾರೆ. ನಿಮ್ಮ ವರದಿಗಾರರು ದಕ್ಷಿಣ ಧ್ರುವಕ್ಕೆ ಹೋಗಬೇಕಿಲ್ಲ, ಕೋಲಾರದ ಬಸ್ಸು ಹತ್ತಿದರೆ ಸಾಕು. ಎನ್‌ಜಿಸಿ 4151 ಎಂಬ ಇನ್ನೊಂದು ಸಕ್ರಿಯ ಗ್ಯಾಲಕ್ಸಿಯ ಕಡೆಯಿಂದಲೂ ಸುಳಿವು ಬರುತ್ತಿದೆ, ಇನ್ನೂ 3 ಸಿಗ್ಮಾದ ಆಸುಪಾಸು. ಅದರ ಸುದ್ದಿ ಬರೆಯುವಾಗ ದಯವಿಟ್ಟು ಆ ಅಂಕಿಯನ್ನೂ ಹಾಕಿ. ರನ್‌ರೇಟ್ ಲೆಕ್ಕ ಹಾಕುವ ಓದುಗರಿಗೆ ಸಿಗ್ಮಾ ಕಷ್ಟವಾಗದು.

ಇನ್ನೊಂದು ಸಣ್ಣ ತಿದ್ದುಪಡಿ. ಎನ್‌ಜಿಸಿ 1068ರ ದೂರ 47 ಕೋಟಿ ಜ್ಯೋತಿರ್ವರ್ಷ ಎಂದು ಎರಡು ಕಡೆ ಅಚ್ಚಾಗಿದೆ. 47 ಮಿಲಿಯನ್ ಎಂದರೆ 4.7 ಕೋಟಿ.

ಇಂತಿ,
ನಿವೃತ್ತ ಭೌತಶಾಸ್ತ್ರ ಉಪನ್ಯಾಸಕಿ
ಬಂಗಾರಪೇಟೆ, ಕೋಲಾರ ಜಿಲ್ಲೆ