ಪುಟ್ಟನಿಗೆ, ಹಾಫ್ ಮೂನ್ ಬೇ ಮದುವೆ ಬಗ್ಗೆ

ಪ್ರೀತಿಯ ಪುಟ್ಟಾ,

ನಿನ್ನ ಮೆಸೇಜ್ ಓದಿದೆ. ಸ್ಯಾನ್ ಹೋಸೆಯ ಗೆಳೆಯರಿಬ್ಬರು ನಮ್ಮ ಮದುವೆ ನೀನೇ ಮಾಡಿಸು ಅಂತ ಹಿಡಿದಿದ್ದಾರೆ, ಸೆಪ್ಟೆಂಬರಿನಲ್ಲಿ, ಕ್ಯಾಲಿಫೋರ್ನಿಯಾ ಕರಾವಳಿಯ ಹಾಫ್ ಮೂನ್ ಬೇ ಬೀಚಿನಲ್ಲಿ, ಹತ್ತಿರದವರಷ್ಟೇ. ನೀನು ಒಪ್ಪಿಕೊಂಡಿದ್ದು ಒಳ್ಳೆಯದಾಯಿತು. ಆದರೆ "ಮಾವ, ಏನು ಭಾಷಣ ಮಾಡಲಿ?" ಅಂತ ಕೇಳಿದ್ದೀಯಲ್ಲ, ಅದು ಕೊನೆಗೆ ಯೋಚಿಸುವ ವಿಷಯ. ಈ ದೇಶಕ್ಕೆ ಬಂದ ಮೇಲೆ ಆಫೀಸಿನ ಗೆಳೆಯರ ಕೆಲವು ಮದುವೆ ನಾನೂ ಮಾಡಿಸಿದ್ದೇನೆ. ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ಇಂಥದ್ದೇ ಶಾಸ್ತ್ರ ಆಗಬೇಕು ಅಂತ ಕ್ಯಾಲಿಫೋರ್ನಿಯಾ ಕಾನೂನು ಹೇಳುವುದಿಲ್ಲ. ಮದುವೆ ಮಾಡಿಸುವವನ ಎದುರು, ಸಾಕ್ಷಿಯ ಎದುರು, ನಾವಿಬ್ಬರೂ ಒಬ್ಬರನ್ನೊಬ್ಬರು ಬಾಳಸಂಗಾತಿ ಅಂತ ಒಪ್ಪಿದ್ದೇವೆ ಎಂದು ಅವರು ಹೇಳಬೇಕು. ಅಷ್ಟೇ. ಉಂಗುರ ಇಲ್ಲದಿದ್ದರೂ ನಡೆಯುತ್ತದೆ, ನಿನ್ನ ಭಾಷಣ ಇಲ್ಲದಿದ್ದರೂ ನಡೆಯುತ್ತದೆ. ನಮ್ಮ ಕಡೆ ತಾಳಿ ಕಟ್ಟುವಾಗ ಗಟ್ಟಿಮೇಳ ಬಾರಿಸುತ್ತಾರೆ, ಆ ಹೊತ್ತಿಗೆ ಅಪಶಕುನದ ಮಾತು, ಸೀನು ಯಾವುದೂ ಕಿವಿಗೆ ಬೀಳದಿರಲಿ ಅಂತ. ಇಲ್ಲಿ ಉಲ್ಟಾ. ಆ ಒಂದು ಮಾತು ಕೇಳಿಸಲೇಬೇಕು. ನೀವು ಆರಿಸಿಕೊಂಡ ಜಾಗದಲ್ಲೋ, ಪೆಸಿಫಿಕ್ ಸಮುದ್ರ ದಿನವಿಡೀ ಗಟ್ಟಿಮೇಳ ಬಾರಿಸುತ್ತಿರುತ್ತದೆ.

ಹಾಗಾಗಿ ನಿನ್ನ ಮೊದಲ ಕೆಲಸ ಗಾಳಿಯ ಲೆಕ್ಕ ಹಾಕುವುದು. ಈ ಕರಾವಳಿಯಲ್ಲಿ ಮಧ್ಯಾಹ್ನ ಕಳೆದ ಮೇಲೆ ಸಮುದ್ರದ ಕಡೆಯಿಂದ ಗಾಳಿ ಜೋರಾಗುತ್ತದೆ. ಬೆಳಗ್ಗೆ ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು. ಆದರೆ ದಾವಣಗೆರೆಯಲ್ಲಿರುವ ಹುಡುಗಿಯ ಅಪ್ಪ ಅಮ್ಮ ವೀಡಿಯೊದಲ್ಲಿ ನೋಡಬೇಕಲ್ಲ. ಇಲ್ಲಿ ಸಂಜೆ 5 ಗಂಟೆ ಅಂದರೆ ಅಲ್ಲಿ ಮರುದಿನ ಬೆಳಗಿನ 5.30. ಸ್ನಾನ ಮಾಡಿ, ಸೀರೆ ಉಟ್ಟು, ದೀಪ ಹಚ್ಚಿ ಕೂರುತ್ತಾರೆ. ಆ ಸಮಯವನ್ನು ಬದಲಿಸಬೇಡ, ಗಾಳಿಯನ್ನೇ ಸಹಿಸಿಕೊಳ್ಳಿ.

ನೀನು ಸಮುದ್ರಕ್ಕೆ ಬೆನ್ನು ಕೊಟ್ಟು ನಿಲ್ಲು. ಗಾಳಿ ನಿನ್ನ ಮಾತನ್ನು ಜನರ ಕಡೆಗೇ ಒಯ್ಯುತ್ತದೆ, ಕೈಯಲ್ಲಿ ಹಿಡಿದ ಮೈಕಿಗೆ ನಿನ್ನ ಮೈಯೇ ಮರೆ. ಮದುಮಕ್ಕಳು ನಿನ್ನ ಮುಂದೆ ಒಬ್ಬರಿಗೊಬ್ಬರು ಮುಖ ಮಾಡಿ ನಿಲ್ಲಲಿ. ಅವರಿಗೆ ಗಾಳಿ ಪಕ್ಕದಿಂದ ಹೊಡೆಯುತ್ತದೆ, ಆದ್ದರಿಂದ ಅವರು ಮಾತಾಡುವಾಗ ಮೈಕನ್ನು ಬಾಯಿಯ ಹತ್ತಿರಕ್ಕೆ ಹಿಡಿಯುವುದು ನಿನ್ನ ಕೆಲಸ. ಮೈಕಿಗೆ ರೋಮದ ಟೋಪಿ ಸಿಗುತ್ತದೆ, ತೆಗೆದುಕೋ. ಸ್ಪೀಕರ್ ಇಡಬಹುದೋ ಇಲ್ಲವೋ ಅಂತ ಮೊದಲೇ ಪಾರ್ಕಿನವರನ್ನು ಕೇಳು. ಸ್ಟೇಟ್ ಬೀಚಿನಲ್ಲಿ ಮದುವೆಗೆ ಪರ್ಮಿಟ್ ಮಾಡಿಸಬೇಕು, "ನಾವು ಸ್ವಲ್ಪವೇ ಜನ" ಅಂತ ಸುಮ್ನೆ ಹೋಗಿ ನಿಲ್ಲಬೇಡಿ.

ಇನ್ನೊಂದು. ಸಮುದ್ರಕ್ಕೆ ಬೆನ್ನು ಹಾಕಬೇಡಿ ಅಂತ ಈ ಕಡೆ ಎಲ್ಲೆಲ್ಲೂ ಎಚ್ಚರಿಸುತ್ತಾರೆ. ಅದು ತಮಾಷೆಯ ಮಾತಲ್ಲ. ಸಣ್ಣ ಅಲೆಗಳ ನಡುವೆ ಇದ್ದಕ್ಕಿದ್ದಂತೆ ಒಂದು ದೊಡ್ಡದು ಒಳಗೆ ನುಗ್ಗಿ ಜನರನ್ನು ಎಳೆದುಕೊಂಡು ಹೋಗುತ್ತದೆ. ನೀನು ಬೆನ್ನು ಹಾಕಿಯೇ ನಿಲ್ಲಬೇಕಾದ್ದರಿಂದ ನೀರಿನಿಂದ ತುಂಬಾ ದೂರ, ಒಣ ಮರಳಿನಲ್ಲಿ ನಿಲ್ಲು. ಅಮೆರಿಕದ ಹವಾಮಾನ ಮತ್ತು ಸಾಗರ ಸಂಸ್ಥೆ NOAA ಕೊಡುವ ಉಬ್ಬರವಿಳಿತದ ಪಟ್ಟಿ ನೋಡು. ಇಲ್ಲಿ ದಿನಕ್ಕೆ ಎರಡು ಉಬ್ಬರ, ಆದರೆ ಎರಡರ ಎತ್ತರ ಒಂದೇ ಅಲ್ಲ. ಬೆಳಗ್ಗೆ ನೋಡಿದ ಗೆರೆಯನ್ನೇ ಸಂಜೆಗೂ ನಂಬಬೇಡ. ನೀರಿನ ಮೇಲೆ ಕಣ್ಣಿಡಲು ಒಬ್ಬ ಗೆಳೆಯನಿಗೆ ಹೇಳು. ಫೋಟೋ ತೆಗೆಯುವವನಿಗೆ ಬೇಡ, ಅವನ ಕಣ್ಣು ಬೇರೆ ಕಡೆ ಇರುತ್ತದೆ.

ಇನ್ನು ಕಾಗದದ ಕೆಲಸ. ಮದುವೆ ಮಾಡಿಸುವ ಅಧಿಕಾರಕ್ಕೆ ಎರಡು ದಾರಿ. ಆನ್‌ಲೈನಿನಲ್ಲಿ ಪಾದ್ರಿ ಪಟ್ಟ ಪಡೆಯುವುದು, ಅಥವಾ ಕೆಲವು ಕೌಂಟಿಗಳು, ಅಂದರೆ ಇಲ್ಲಿನ ಜಿಲ್ಲೆಗಳು, ಮದುವೆ ಮಾಡಿಸಲೆಂದೇ ಕೊಡುವ ಒಂದು ದಿನದ ಡೆಪ್ಯುಟಿ ಕಮಿಷನರ್ ಪಟ್ಟ. ನನಗೆ ಎರಡನೆಯದೇ ಇಷ್ಟ. ದೇವರನ್ನು ನಂಬದ ನೀನು ಪಾದ್ರಿ ಅಂತ ಸಹಿ ಹಾಕುವುದು ಯಾಕೋ ನಗು ಬರಿಸುತ್ತದೆ. ಆದರೆ ಆ ಪಟ್ಟ ಎಲ್ಲಿ ನಡೆಯುತ್ತದೆ ಅನ್ನುವುದನ್ನು ಕೇಳಿಕೋ, ನಿಯಮ ಕೌಂಟಿಗೊಂದು ಥರ.

ಮದುವೆಯ ಲೈಸೆನ್ಸ್ ತರಬೇಕಾದವರು ಅವರಿಬ್ಬರು. ಅದು 90 ದಿನ ನಡೆಯುತ್ತದೆ, ಆದ್ದರಿಂದ ಜಾಸ್ತಿ ಮುಂಚೆ ತರುವುದು ಬೇಡ. ಮದುವೆಯ ದಿನ ಅದು ನಿನ್ನ ಕೈಯಲ್ಲಿರಬೇಕು. ಕೈಯಲ್ಲಿ ಅಂದರೆ ಬೀಚಿನಲ್ಲಲ್ಲ, ಕಾರಿನಲ್ಲಿ, ಫೈಲಿನೊಳಗೆ. ಸಹಿಯನ್ನು ಊಟದ ಜಾಗದಲ್ಲಿ, ಮೇಜಿನ ಮೇಲೆ, ಕಪ್ಪು ಇಂಕಿನಲ್ಲಿ ಹಾಕಿ. ಒಬ್ಬ ಸಾಕ್ಷಿ ಬೇಕೇ ಬೇಕು, ಇಬ್ಬರಿಗಿಂತ ಜಾಸ್ತಿ ಆಗುವುದಿಲ್ಲ. ಹೊಡೆದು ತಿದ್ದುವುದು, ವೈಟ್ನರ್ ಹಚ್ಚುವುದು ನಡೆಯುವುದಿಲ್ಲ, ತಪ್ಪಾದರೆ ದುಡ್ಡು ಕಟ್ಟಿ ಡೂಪ್ಲಿಕೇಟ್ ತರಬೇಕು. ಮದುವೆ ನಡೆದ ಜಾಗ ಅನ್ನುವಲ್ಲಿ ಸ್ಯಾನ್ ಮಟೇಯೊ ಕೌಂಟಿ ಬರೆಯುತ್ತೀಯ. ಆದರೆ ಕಾಗದ ವಾಪಸ್ ಹೋಗಬೇಕಾದದ್ದು ಲೈಸೆನ್ಸ್ ಕೊಟ್ಟ ಕೌಂಟಿಗೆ, ಅಂದರೆ ಅವರು ಸ್ಯಾನ್ ಹೋಸೆಯಲ್ಲೇ ಮಾಡಿಸಿದರೆ ಸಾಂತಾ ಕ್ಲಾರಾಗೆ. ಮದುವೆಯಾದ 10 ದಿನದೊಳಗೆ. ಇದು ನಿನ್ನ ಹೊಣೆ, ಅವರದ್ದಲ್ಲ. ಅವರು ಹನಿಮೂನಿನಲ್ಲಿರುತ್ತಾರೆ. ಮುಂದೆ ಆ ಹುಡುಗನಿಗೆ ಹೆಂಡತಿಯ ಕಡೆಯಿಂದ ಓಸಿಐ ಕಾರ್ಡ್ (ಭಾರತದ ಸಾಗರೋತ್ತರ ನಾಗರಿಕ ಕಾರ್ಡ್) ಬೇಕಾದರೆ, ನೋಂದಣಿಯಾದ ಮದುವೆಗೆ ಎರಡು ವರ್ಷ ತುಂಬಿರಬೇಕು. ಸೋಮವಾರವೇ ಪೋಸ್ಟ್ ಮಾಡು.

ಹುಡುಗಿ ಮಂತ್ರಮಾಂಗಲ್ಯದ ಮಾತುಗಳನ್ನು ಸೇರಿಸೋಣ ಅಂದಳಂತೆ. ಸಂತೋಷ. ಕುವೆಂಪು ಅದನ್ನು 1966ರಲ್ಲಿ ಮಗ ತೇಜಸ್ವಿಯ ಮದುವೆಗೆ ಬಳಸಿದ್ದೇ ಪುರೋಹಿತರ ಹಂಗಿಲ್ಲದೆ, ಅರ್ಥವಾಗುವ ಮಾತಿನಲ್ಲಿ ಮದುವೆ ಆಗಲಿ ಅಂತ. ಹಾಗಾದರೆ ಫ್ರೆಸ್ನೋದ ಹುಡುಗನಿಗೂ ಅರ್ಥವಾಗಬೇಕು ಅಲ್ವಾ? ಕನ್ನಡದಲ್ಲಿ ಅವಳು ಓದಲಿ, ಇಂಗ್ಲಿಷಿನಲ್ಲಿ ಅವನು ಓದಲಿ. ಒಂದೇ ಪುಟ ಸಾಕು. ಬಂದವರಿಗೆ ನಮ್ಮ ಸಂಸ್ಕೃತಿ ತೋರಿಸೋಣ ಅಂತ ಅದರ ಮೇಲೆ ಸಪ್ತಪದಿ, ಅರುಂಧತಿ ನಕ್ಷತ್ರ ಎಲ್ಲ ತುರುಕಬೇಡ. ಅವರು ಕೇಳಿಲ್ಲ.

ಅವರ ಒಪ್ಪಿಗೆಯ ಮಾತನ್ನು ನೀನು ಹೇಳಿಕೊಡುವಾಗ ನಾಲ್ಕೈದು ಪದಕ್ಕಿಂತ ಉದ್ದ ಬೇಡ. ಕಣ್ಣು ತುಂಬಿರುತ್ತದೆ, ಅಲೆ ಸದ್ದು ಬೇರೆ, ಮರೆತುಬಿಡುತ್ತಾರೆ. ಅಲೆ ಹೊಡೆದು ಮಾತು ಮುಚ್ಚಿದರೆ ಇನ್ನೊಮ್ಮೆ ಹೇಳಿಸು, ನಾಚಿಕೆ ಬೇಡ. ಎಲ್ಲವನ್ನೂ ರಟ್ಟಿನ ನೋಟ್‌ಬುಕ್ಕಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೋ. ಬಿಸಿಲಿನಲ್ಲಿ ಫೋನ್ ಕಾಣುವುದಿಲ್ಲ, ಬಿಡಿ ಹಾಳೆ ಹಾರಿಹೋಗುತ್ತದೆ. ಮುತ್ತು ಕೊಡಿ ಅಂದ ತಕ್ಷಣ ಪಕ್ಕಕ್ಕೆ ಸರಿ, ಇಲ್ಲದಿದ್ದರೆ ಜೀವಮಾನದ ಫೋಟೋದಲ್ಲಿ ಅವರ ನಡುವೆ ನಿನ್ನ ಮೂತಿ.

ಭಾಷಣ ಐದು ನಿಮಿಷ ದಾಟದಿರಲಿ. ನೀನು ಅವರನ್ನು ಹೇಗೆ ಪರಿಚಯ ಮಾಡಿಕೊಂಡೆ ಅನ್ನುವ ಕಥೆ ಕಡಿಮೆ ಇರಲಿ, ಅವರಿಬ್ಬರ ಕಥೆ ಇರಲಿ. ಹಳೆಯ ಗೆಳತಿಯರ ಜೋಕು ಬೇಡ, ಅಲ್ಲಿ ದಾವಣಗೆರೆಯಲ್ಲಿ ಅಜ್ಜಿಯೂ ಕೂತಿರುತ್ತಾರೆ. ಕರಡನ್ನು ನನಗೆ ಕಳಿಸಬೇಡ, ಅವರಿಬ್ಬರಿಗೆ ಕಳಿಸು. ಯಾವ ಸಾಲು ಬೇಡ ಅನ್ನುತ್ತಾರೋ ಅದನ್ನು ವಾದ ಮಾಡದೆ ತೆಗೆದುಬಿಡು.

ಸ್ವೆಟರ್ ಇಟ್ಟುಕೋ. ಹಾಫ್ ಮೂನ್ ಬೇಯ ಸೆಪ್ಟೆಂಬರ್ ಸಂಜೆಗೆ ಬರೀ ರೇಷ್ಮೆ ಕುರ್ತಾ ಸಾಲದು.

ನಿನ್ನ,
ಮಾವ